ಅರ ಹಚ್ಚಿ ನೋಡಿದ ಉಳಿ

ಸುಗ್ರಾಬಿಯ ಮನೆಯ ಪಡಸಾಲೆ ಕಂಬವನ್ನು ಗೆದ್ದಲು ತಿಂದು ಮುಗಿಸಿದ್ದು ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಬೆಳಕಿಗೆ ಬಂತು. ಬೆಳಕಿಗೆ ತಂದದ್ದು ಊರಿನ ಕಚೇರಿಯ ಒಂದು ನೋಟೀಸು. ಓಣಿಯ ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ, ಹಾದು ಹೋಗುವವರ ಮೇಲೆ ಬೀಳಬಹುದು, ತಿಂಗಳೊಳಗೆ ದುರಸ್ತಿಯಾಗದಿದ್ದರೆ ಕಚೇರಿಯ ವತಿಯಿಂದಲೇ ಕೆಡವಲಾಗುವುದು ಎಂದು ಅದರಲ್ಲಿ ಬರೆದಿತ್ತು. ಓದಿ ಹೇಳಿದವಳು ನಾನು. ಆಗ ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಅವಳ ಮನೆಯ ಎದುರಿಗೇ ಬಾಡಿಗೆಗಿದ್ದೆ.

ಸುಗ್ರಾಬಿ ನೋಟೀಸನ್ನು ಮಡಚಿ ಗೂಡಿನಲ್ಲಿಟ್ಟು, ಒಳಗೆ ಹೋಗಿ ಕಂಬದ ಬುಡಕ್ಕೆ ಕಾಲಿನಿಂದ ಒದ್ದಳು. ಕಟ್ಟಿಗೆಯ ಸಪ್ಪಳ ಬರಲಿಲ್ಲ. ಹೊಟ್ಟು ತುಂಬಿದ ಚೀಲಕ್ಕೆ ಒದ್ದ ಹಾಗಿತ್ತು. ಕಂಬ ಕುಸಿದಿತ್ತು, ಅದರ ಮೇಲಿನ ತೊಲೆ ಕುಸಿದಿತ್ತು, ತೊಲೆಯ ತುದಿ ಗೋಡೆಯನ್ನು ಹೊರಗೆ ತಳ್ಳುತ್ತಿತ್ತು. ನಮ್ಮ ಕಡೆಯ ಮಾಳಿಗೆ ಮನೆಯ ಲೆಕ್ಕ ಸರಳ: ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೊಳದಷ್ಟು ಮಣ್ಣು. ಕಚೇರಿಯವರು ಗೋಡೆ ಕೆಡವಿದರೆ ಆ ಮಣ್ಣೆಲ್ಲ ಒಳಗೆ ಬೀಳುತ್ತಿತ್ತು. ಅವಳಿಗಿದ್ದದ್ದು ತಂದೆ ಬಿಟ್ಟುಹೋದ ಆ ಎರಡು ಅಂಕಣದ ಮನೆಯೊಂದೇ.

ಅವಳ ಗಂಡ ನಬಿಲಾಲ, ಅಡತಿ ವ್ಯಾಪಾರಿ ಬಸಂತರಾಯರ ಲಾರಿ ಓಡಿಸುತ್ತಿದ್ದ. ತೊಗರಿ, ಜೋಳ ಹೇರಿಕೊಂಡು ವಿಜಾಪುರ, ಸೊಲ್ಲಾಪುರಕ್ಕೆ ಹೋಗಿ ಬರುವವನು. ಮಾತು ಕಡಿಮೆ, ಜಗಳ ಕಂಡರೆ ಇನ್ನೂ ಕಡಿಮೆ. ಬಡಿಗನನ್ನು ಕರೆದರಾಯಿತು ಎಂದು ಅವನು ಹೇಳಿ ಲಾರಿ ಹತ್ತಿದ. ಕರೆಯಲು ಹೋದವಳು ಸುಗ್ರಾಬಿ.

ಬಡಿಗ ಸಿದ್ದರಾಯ ಕೆಟ್ಟ ಮನುಷ್ಯನಲ್ಲ, ಇದನ್ನು ಮೊದಲೇ ಹೇಳಬೇಕು. ಸುಗ್ಗಿಯಲ್ಲಿ ರೈತರು ಅವನಿಗೆ ಆಯ ಎಂದು ವರ್ಷದ ಜೋಳ ಅಳೆದು ಕೊಡುತ್ತಿದ್ದರು. ಬದಲಿಗೆ ಮಳೆಗಿಂತ ಮುಂಚೆ ಅವರ ನೇಗಿಲು, ಕೂರಿಗೆ, ಬಂಡಿ ಅವನು ಸಿದ್ಧ ಮಾಡಿಕೊಡಬೇಕು. ಆ ತಿಂಗಳಲ್ಲಿ ಅವನ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊಲವಿಲ್ಲದ, ಆಯ ಕೊಡದ ನಬಿಲಾಲನ ಮನೆ ಆ ಸಾಲಿನ ಕಟ್ಟಕಡೆಗೆ ಬರುತ್ತಿತ್ತು. ಅನ್ಯಾಯವೆಂದರೆ ಅನ್ಯಾಯ, ಆದರೆ ಅದನ್ನು ಮಾಡಿದವನು ಸಿದ್ದರಾಯನಲ್ಲ.

“ಮಿರಗಿನ ಮಳಿ ಬಿದ್ದ ಮ್ಯಾಲ ಬರ್ತೇನಿ ತಂಗಿ,” ಎಂದ.

“ಆಗ ಬಂದ್ರ ಕಂಬ ನಿಲ್ಲಸಾಕ ಮನಿ ಇರೂದಿಲ್ಲರಿ.”

ಅವನು ಕಟ್ಟಿಗೆ ಕೆತ್ತುತ್ತಿದ್ದ ಬಾಚಿಯನ್ನು ನಿಲ್ಲಿಸಲಿಲ್ಲ. ಹಾಗಾದರೆ ನಿಮ್ಮ ಒಂದು ಗರಗಸ, ಒಂದು ಬಾಚಿ, ಎರಡು ಉಳಿ ನಾಲ್ಕು ದಿನ ಕೊಡಿ, ನಾನೇ ಕಂಬ ಕಡೆದುಕೊಳ್ಳುತ್ತೇನೆ ಎಂದು ಸುಗ್ರಾಬಿ ಕೇಳಿದಾಗ ಮಾತ್ರ ಅವನ ಕೈ ನಿಂತಿತು. ಅಂಗಳದಲ್ಲಿದ್ದ ರೈತರು ನಕ್ಕರು. ಅವನು ನಗಲಿಲ್ಲ.

“ನಮ್ಮ ಹತ್ಯಾರ ಇನ್ನೊಬ್ಬರ ಕೈಗೆ ಹೋಗೂದಿಲ್ಲವಾ,” ಎಂದ. “ನಮ್ಮಪ್ಪ ಕೊಟ್ಟಿಲ್ಲ, ನಾನೂ ಕೊಡೂದಿಲ್ಲ.”

ಸಂಜೆ ಅವಳು ಗಂಡನಿಗೆ, ಹತ್ಯಾರ ನಾವೇ ಕೊಳ್ಳೋಣ ಎಂದಳು. ಯಾರು ಹಿಡಿಯುವವರು ಎಂದು ಅವನು ಕೇಳಿದ. ನಾನು ಎಂದಳು. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ಸ್ವಲ್ಪ ಹೊತ್ತು ಅವಳ ಮುಖ ನೋಡಿದನಂತೆ, ಮತ್ತೆ ಮುರಿದನಂತೆ.

ಅವನಿಗೆ ಗೊತ್ತಿದ್ದ ಒಂದು ಸಂಗತಿ ಊರಿಗೆ ಮರೆತುಹೋಗಿತ್ತು. ಸುಗ್ರಾಬಿಯ ತಂದೆ ಕಾಸಿಂಸಾಬ ಗರಗಸಕ್ಕೆ ಹಲ್ಲು ಹಾಕುವವನಾಗಿದ್ದ. ಒಂದು ಚೀಲದಲ್ಲಿ ಉಕ್ಕನ್ನು ಉಜ್ಜುವ ಅರಗಳನ್ನು ಹಾಕಿಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸಂತೆಗಳಲ್ಲಿ ಕೂಡುತ್ತಿದ್ದ. ಸವೆದ ಗರಗಸಗಳನ್ನು ಬಡಿಗರು ಅವನ ಮುಂದೆ ತಂದಿಡುತ್ತಿದ್ದರು. ತಾಯಿಯಿಲ್ಲದ ಮಗಳನ್ನು ಮನೆಯಲ್ಲಿ ಬಿಡುವಂತಿರಲಿಲ್ಲವಾದ್ದರಿಂದ ಜೊತೆಗೆ ಕರೆದೊಯ್ಯುತ್ತಿದ್ದ. ಹತ್ತು ವರ್ಷದವಳಿರುವಾಗಲೇ ಅವಳು ಗರಗಸದ ತುದಿ ಹಿಡಿದು ಕೂತು, ಯಾವ ಉಕ್ಕು ಅರವನ್ನು ಕಚ್ಚುತ್ತದೆ, ಯಾವುದು ಜಾರಿಸುತ್ತದೆ ಎಂಬುದನ್ನು ಬೆರಳಿನಿಂದ ಕಲಿತಿದ್ದಳು. ಮದುವೆಯಾದ ಮೇಲೆ ಇಪ್ಪತ್ತೈದು ವರ್ಷ ಆ ವಿದ್ಯೆಯನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಶ್ರೀಶೈಲಪ್ಪನವರ ಕಬ್ಬಿಣದ ಅಂಗಡಿಗೆ ಗಂಡಹೆಂಡತಿ ಹೋದ ದಿನ ನಾನೂ ಅಲ್ಲಿಗೆ ಶಾಲೆಯ ಬೀಗ ಕೊಳ್ಳಲು ಹೋಗಿದ್ದೆ. ಅಂಗಡಿಯಲ್ಲಿ ಗಾಜಿನ ಕಪಾಟಿನೊಳಗೆ ಕರೆಂಟಿನಿಂದ ತೂತು ಕೊರೆಯುವ ಒಂದು ಯಂತ್ರವಿತ್ತು. ಆಗ ಸಿಂದಗಿಯಲ್ಲಿ ಕರೆಂಟು ಬರುತ್ತಿದ್ದದ್ದು ಸಂಜೆ ಮಾತ್ರ, ಅದೂ ಮನಸ್ಸು ಬಂದಷ್ಟು ಹೊತ್ತು. ಆದರೂ ಶ್ರೀಶೈಲಪ್ಪನವರು ಅದನ್ನು ತರಿಸಿ, ಹಾರ ಹಾಕಿ ಇಟ್ಟಿದ್ದರು. ಸೊಲ್ಲಾಪುರದ ಗ್ಯಾರೇಜಿನಲ್ಲಿ ಅಂಥದು ಓಡುವುದನ್ನು ಕಂಡಿದ್ದ ನಬಿಲಾಲ ಕಪಾಟಿನ ಮುಂದೆಯೇ ನಿಂತುಬಿಟ್ಟ.

“ಕರೆಂಟ ಇಲ್ಲದಾಗ ಇದೇನ ಮಾಡ್ತದರಿ ಸಾವ್ಕಾರ್ರ?” ಎಂದು ಸುಗ್ರಾಬಿ ಕೇಳಿದಳು.

“ಕರೆಂಟ ಬರೂತನಾ ಕಾಯ್ತದ, ತಂಗೆವ್ವಾ.”

“ನಮ್ಮ ತೊಲಿ ಕಾಯೂದಿಲ್ಲರಿ. ಕೈಲೆ ತಿರುವೂ ಬೈರಗಿ ತೋರಸ್ರಿ.”

ಶ್ರೀಶೈಲಪ್ಪನವರು ಒಂದು ತಗಡಿನ ಪೆಟ್ಟಿಗೆ ತೆಗೆದು ಮುಂದಿಟ್ಟರು. ಅದರಲ್ಲಿ ಕೆಂಪು ಬಣ್ಣದ ಹಿಡಿಯ ಗರಗಸ, ಉಳಿ, ಸುತ್ತಿಗೆ, ಬೈರಿಗೆ ಎಲ್ಲ ಮಲಗಿದ್ದವು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಸಂಸಾರವಂದಿಗರಿಗೆ ಇದು ಧಾರಾಳವಾಯಿತು ಎಂದರು. ಸುಗ್ರಾಬಿ ಗರಗಸವನ್ನೆತ್ತಿ ಬಿಲ್ಲಿನಂತೆ ಬಾಗಿಸಿ ಬಿಟ್ಟಳು. ಅಲಗು ನೆಟ್ಟಗಾಗಲಿಲ್ಲ, ಬಾಗಿದ್ದು ಬಾಗಿಯೇ ಉಳಿಯಿತು. ಅದನ್ನು ಹಾಗೆಯೇ ಪೆಟ್ಟಿಗೆಯ ಮೇಲಿಟ್ಟಳು. ಬಳಿಕ ಸೆರಗಿನ ಗಂಟಿನಿಂದ ತಂದೆಯ ಅರ ತೆಗೆದು, ಉಳಿಯ ಹಿಂಬದಿಗೆ ಒಮ್ಮೆ ಎಳೆದಳು. ಸಾಬೂನು ಕೆತ್ತಿದ ಹಾಗೆ ಗೆರೆ ಬಿತ್ತು.

ಶ್ರೀಶೈಲಪ್ಪನವರಿಗೆ ಸಿಟ್ಟು ಬಂತು. ಕೊಂಡ ಮೇಲೆ ಅರ ಹಚ್ಚಿರಿ, ಕೊಳ್ಳುವ ಮೊದಲೇ ಹಚ್ಚಿ ಮಾಲು ಕೆಡಿಸುವುದು ಯಾವ ರೀತಿ ಎಂದರು. ಕೊಂಡ ಮೇಲೆ ಹಚ್ಚಿದರೆ ಕೆಡುವುದು ನಮ್ಮ ಮಾಲು ಎಂದು ಅವಳು ಹೇಳಿ, ಹಿಂದಿನ ಗೋಣಿಚೀಲದ ಕಡೆ ಕೈ ತೋರಿಸಿದಳು. ಅಲ್ಲಿ ಹಿಡಿಯಿಲ್ಲದ, ಬಣ್ಣವಿಲ್ಲದ, ಎಣ್ಣೆ ಬಳಿದ ಕಪ್ಪು ಉಳಿಗಳಿದ್ದವು. ಅದು ಬಡಿಗರ ಮಾಲು, ನಿಮಗಲ್ಲ ಎಂದರು ಅವರು.

ಸುಗ್ರಾಬಿ ಅಂಗಡಿಯಿಂದ ಇಳಿದಳು. ಹೋಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಅರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಬಿಲಾಲ ರಸ್ತೆಯ ಆಚೆಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ. ಯಂಕಂಚಿಯ ರೈತನೊಬ್ಬ ಕುಡಗೋಲು ಕೊಂಡು ಇಳಿದ. ಅವಳು ಕೇಳಿ ಇಸಕೊಂಡು, ಒಮ್ಮೆ ಅರ ಎಳೆದು, “ಮೆತ್ತಗ ಐತ್ರಿ ಕಾಕಾ, ಎಂಟ ದಿನಕ್ಕ ಬಾಯಿ ಹೋಗ್ತದ,” ಎಂದು ಕೈಗೆ ಕೊಟ್ಟಳು. ಅವನು ಮತ್ತೆ ಅಂಗಡಿ ಹತ್ತಿದ. ಆಲಮೇಲದವನೊಬ್ಬ ಕೊಡಲಿ ತಂದ. ಅದು ಚೆನ್ನಾಗಿತ್ತು, ಚೆನ್ನಾಗಿದೆ ಎಂದೇ ಹೇಳಿದಳು. ಮೂರನೆಯವನು ಕೊಳ್ಳುವ ಮೊದಲೇ ಮೇಲಿನಿಂದ ಕೂಗಿ ಅವಳನ್ನು ಕೇಳಿದ. ಹೊತ್ತು ಮಧ್ಯಾಹ್ನಕ್ಕೆ ಬರುವಷ್ಟರಲ್ಲಿ ಶ್ರೀಶೈಲಪ್ಪನವರು ತಾವೇ ಗೋಣಿಚೀಲವನ್ನು ಮೆಟ್ಟಿಲವರೆಗೆ ಎಳೆದು ತಂದರು.

“ಆರಿಸ್ಕೋ ನಮ್ಮವ್ವಾ. ಆರಿಸ್ಕೊಂಡು ಮನಿಗೆ ಹೋಗು.”

ಅವಳು ಅವಸರ ಮಾಡಲಿಲ್ಲ. ಉಳಿಗಳನ್ನು ಒಂದೊಂದಾಗಿ ಕಲ್ಲಿಗೆ ಮುಟ್ಟಿಸಿ ನಾದ ಕೇಳಿದಳು. ಅರವನ್ನು ಪೂರ್ತಿ ಜಾರಿಸಿದ್ದನ್ನೂ ಬಿಟ್ಟಳು. ಅಷ್ಟು ಗಡುಸಾದದ್ದು ಕೊಡತಿಯ ಏಟಿಗೆ ಗಾಜಿನಂತೆ ಸಿಡಿಯುತ್ತದೆ ಎಂದು ಆಮೇಲೆ ನನಗೆ ಹೇಳಿದಳು. ಅರವನ್ನು ತುಸು ಕಚ್ಚಿ ತುಸು ತಡೆಯುವ ಎರಡು ಉಳಿ ಸಿಕ್ಕವು. ಹದಿನಾಲ್ಕರಲ್ಲಿ ಎರಡು. ಗರಗಸವನ್ನು ಕಣ್ಣಿಗೆ ಹಿಡಿದು ಹಲ್ಲಿನ ಸಾಲಿನುದ್ದಕ್ಕೂ ನೋಡಿದಳು: ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಸಮನಾಗಿ ಬಾಗಿರಬೇಕು, ಇಲ್ಲದಿದ್ದರೆ ಕಟ್ಟಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಬಾಚಿಯನ್ನು ಕಾವು, ಅಂದರೆ ಮರದ ಹಿಡಿ, ಇಲ್ಲದ್ದೇ ತೆಗೆದುಕೊಂಡಳು. ಹಾಕಿಕೊಟ್ಟ ಕಾವಿಗೆ ಬಣ್ಣ ಬಳಿದಿರುತ್ತಾರೆ, ಬಣ್ಣದ ಕೆಳಗೆ ಗಂಟಿದೆಯೋ ಸೀಳಿದೆಯೋ ಕಾಣುವುದಿಲ್ಲ. ಕೊನೆಗೆ ಒಂದು ಬೈರಿಗೆ. ಇಷ್ಟೇ. ಪೆಟ್ಟಿಗೆಯಲ್ಲಿದ್ದ ಹದಿನೆಂಟು ಸಾಮಾನಿಗೆ ಬದಲು ಐದು. ನಬಿಲಾಲ ರಸ್ತೆ ದಾಟಿ ಬಂದು ಹಣ ಕೊಟ್ಟ.

ಕಂಬಕ್ಕೆ ಎರಡು ವರ್ಷ ಒಣಗಿದ ಜಾಲಿಯ ಬೊಡ್ಡೆಯನ್ನು ಅವನು ಲಾರಿಯಲ್ಲಿ ತಂದು ಅಂಗಳಕ್ಕೆ ಉರುಳಿಸಿದ. ಜಾಲಿ ಒಣಗಿದರೆ ಕಬ್ಬಿಣಕ್ಕೆ ಹತ್ತಿರ. ಸುಗ್ರಾಬಿ ಹದಿಮೂರು ದಿನ ಅದರ ಮೇಲೆ ಕೂತಳು. ಬಾಚಿಗೆ ತಾನೇ ಕಾವು ಹಾಕಿಕೊಂಡಳು. ಬೆಳಿಗ್ಗೆ ಹಲ್ಲಿಗೆ ಅರ ಹಚ್ಚುವುದು, ಆಮೇಲೆ ಕೊಯ್ಯುವುದು, ಕೆತ್ತುವುದು. ಅಂಗೈ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು. ಹಾದು ಹೋಗುವವರಿಗೆ ಅದೊಂದು ನೋಟವಾಯಿತು. ನಬಿಲಾಲನಿಗೆ ಇನ್ನು ರೊಟ್ಟಿ ಯಾರು ಬಡಿಯುತ್ತಾರೆ ಎಂದು ಒಬ್ಬ ಕೇಳಿದ.

“ರೊಟ್ಟೀನೂ ನಾನ ಬಡೀತೇನಿ, ಕಂಬಾನೂ ನಾನ ಕಡೀತೇನಿ,” ಎಂದಳು ತಲೆ ಎತ್ತದೆ. “ನಿಮ್ಮ ಮನ್ಯಾಗ ಎರಡರೊಳಗ ಯಾವದ ಕಮ್ಮಿ ಬಿದ್ದೈತಿ?”

ಆಮೇಲೆ ಕೇಳುವವರು ಕಡಿಮೆಯಾದರು.

ಕಂಬ ಸಿದ್ಧವಾದಾಗ ನೋಟೀಸಿನ ಗಡುವಿಗೆ ನಾಲ್ಕು ದಿನ ಉಳಿದಿದ್ದವು. ಕುಸಿದ ತೊಲೆಯನ್ನು ಎತ್ತಿ ಹಿಡಿಯಲು ನಾಲ್ಕೈದು ಗಂಡಸರ ಹೆಗಲು ಬೇಕಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಕೇಳಿದ್ದರೂ ಎತ್ತುಗಳನ್ನು ಹೂಡುವ ಹೊತ್ತಿನಲ್ಲಿ ಬರುವವರಿರಲಿಲ್ಲ. ಇಲ್ಲಿ ನಬಿಲಾಲ ಬಾಯಿಬಿಟ್ಟ. ಲಾರಿಯ ಜಾಕು ಒಂದು ಲಾರಿಯನ್ನು ಎತ್ತುತ್ತದೆ, ಒಂದು ತೊಲೆ ಎತ್ತದೇ ಎಂದ. ಆದರೆ ಲಾರಿ ಖಾಲಿ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ, ತೊಳೆದು ಪೂಜೆ ಮಾಡುವುದಕ್ಕೆ. ಅಮಾವಾಸ್ಯೆ ಕಳೆದು ಎರಡನೆಯ ದಿನಕ್ಕೆ ಗಡುವು. ನಡುವಿನ ಒಂದು ದಿನ ಗೋಡೆಯ ಹೊಟ್ಟೆ ಬಿಚ್ಚಿ ಕಟ್ಟುವ ಗೌಂಡಿಗೆ ಬೇಕು. ಆದ್ದರಿಂದ ಕಂಬ ಅಮಾವಾಸ್ಯೆಯಂದೇ ನಿಲ್ಲಬೇಕಿತ್ತು.

ನಮ್ಮ ಕಡೆ ಅಮಾವಾಸ್ಯೆಯಂದು ಕಸುಬಿನವರು ಯಾರೂ ಹತ್ಯಾರ ಮುಟ್ಟುವುದಿಲ್ಲ. ತೊಳೆದು, ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತಾರೆ. ಆ ದಿನ ಓಣಿಯಲ್ಲಿ ಕೊಡತಿಯ ಸಪ್ಪಳ ಕೇಳಿದರೆ ಯಾರಿಗೋ ಕೇಡು ಎಂಬುದು ಎಲ್ಲ ಜಾತಿಯವರ ನಂಬಿಕೆ. ನಬಿಲಾಲ ತಂದ ಜಾಕಿನ ಮೇಲೂ ಬೆಳಗಿನ ಕುಂಕುಮವಿತ್ತು, ಹಿಂಡಿದ ನಿಂಬೆಹಣ್ಣಿನ ಜಿಗುಟಿತ್ತು.

ಹಲಗೆಯ ಮೇಲೆ ಜಾಕು, ಜಾಕಿನ ಮೇಲೆ ಒಂದು ತುಂಡು ಗಳ, ಗಳದ ತುದಿಗೆ ತೊಲೆ. ಅವನು ತಿರುಗಿಸತೊಡಗಿದ. ಮೇಲಿನಿಂದ ಮಣ್ಣು ಉದುರಿತು. ತೊಲೆ ಮುಲುಗುತ್ತ ಮೇಲೇರಿತು. ಗೋಡೆಯ ಮೇಲಿನ ಹಳೆಯ ಗುರುತಿಗೆ ಮುಟ್ಟಿದ ಮೇಲೆ ಹಳೇ ಕಂಬವನ್ನು ಕಿತ್ತು ಹಾಕಿದರು. ಅದು ಕೈಯಲ್ಲೇ ಪುಡಿಯಾಯಿತು. ಸುಗ್ರಾಬಿ ಉಳಿ ಕೊಡತಿ ಹಿಡಿದು ಅಟ್ಟಣಿಗೆಯ ಹಾಗೆ ಇಟ್ಟ ಮನೆಯ ಹಳೆಯ ಪೆಟ್ಟಿಗೆಯ ಮೇಲೆ ನಿಂತು, ತೊಲೆಯಲ್ಲಿ ಕಂಬದ ತಲೆ ಕೂಡುವ ಕಂಡಿಯನ್ನು ಕೆತ್ತಲು ಶುರುಮಾಡಿದಳು. ನಾಲ್ಕನೆಯ ಏಟಿಗೆ ಬಾಗಿಲಲ್ಲಿ ಸಿದ್ದರಾಯ ನಿಂತಿದ್ದ. ಹಿಂದೆ ಓಣಿಯ ಏಳೆಂಟು ಜನ, ಅವರಲ್ಲಿ ನಾನೂ ಒಬ್ಬಳು.

ಸಿದ್ದರಾಯ ಮಡಿ ಬಟ್ಟೆ ಉಟ್ಟಿದ್ದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದ. “ಇವತ್ತ ಅಮಾಸಿ ಅನ್ನೂದು ಗೊತ್ತಿಲ್ಲೇನು, ತಂಗಿ?”

“ಗೊತ್ತೈತ್ರಿ ಅಣ್ಣಾರ. ಗೆದ್ದಲಕ್ಕ ಗೊತ್ತಿಲ್ಲ.”

“ನನ್ನ ಹತ್ಯಾರ ದೇವರ ಮುಂದ ಅದಾವ. ಊರಾಗ ಸಪ್ಪಳ ಆಗಬಾರದು.”

“ನಿಮ್ಮ ಹತ್ಯಾರಕ್ಕ ಸೂಟಿ ಐತಿ. ನನ್ನವಕ್ಕ ಇಲ್ಲ.”

ಜನರಲ್ಲಿ ಯಾರೋ ಗೊಣಗಿದರು. ನಬಿಲಾಲ ಜಾಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದ, ಆದರೆ ಏಳಲಿಲ್ಲ. ಸಿದ್ದರಾಯನ ಕಣ್ಣು ಅವಳ ಮೇಲಿಂದ ಜಾಕಿಗೆ, ಜಾಕಿನಿಂದ ನೆಲದ ಮೇಲೆ ಮಲಗಿದ್ದ ಹೊಸ ಕಂಬಕ್ಕೆ ಹೋಯಿತು. ಅವನು ಎರಡು ಹೆಜ್ಜೆ ಒಳಗೆ ಬಂದ. ಕಂಬವನ್ನು ನೋಡಿದ, ತೊಲೆಯನ್ನು ನೋಡಿದ. ಆಗ ಅವನ ಮುಖದಲ್ಲಿ ನಗು ಮೂಡಿತು.

“ಹತ್ಯಾರ ಭಾಳ ಚಲೋ ಅದಾವ. ಕಂಬ ನಾಕ ಬೆರಳ ಗಿಡ್ಡ ಐತಿ.”

ಅವಳು ಪೆಟ್ಟಿಗೆಯಿಂದ ಇಳಿದು ಹಗ್ಗದಿಂದ ಅಳೆದಳು. ನಾಲ್ಕು ಬೆರಳು ಗಿಡ್ಡವಾಗಿತ್ತು. ಅಳತೆ ತೆಗೆದುಕೊಂಡ ದಿನ ತೊಲೆ ಕುಸಿದು ನಿಂತಿತ್ತು. ಅವಳು ಅಳೆದದ್ದು ಕುಸಿದ ತೊಲೆಗೆ. ಉಕ್ಕಿನ ಹುಳುಕನ್ನು ಬೆರಳಿನಿಂದ ಹೇಳಬಲ್ಲವಳು ಕಂಬವನ್ನು ಹಿಂದೆಂದೂ ಅಳೆದವಳಲ್ಲ. ಗರಗಸಗಳನ್ನು ಚೂಪು ಮಾಡುವವರ ಮಗಳು, ಕೊಯ್ಯುವವರ ಮಗಳಲ್ಲ. ಇನ್ನೊಂದು ಜಾಲಿಯ ಬೊಡ್ಡೆ ಇರಲಿಲ್ಲ, ಇನ್ನು ಹದಿಮೂರು ದಿನಗಳೂ ಇರಲಿಲ್ಲ.

“ಹತ್ಯಾರ ಅಳತಿ ಹೇಳೂದಿಲ್ಲವಾ,” ಎಂದ ಸಿದ್ದರಾಯ.

“ತಪ್ಪ ಅಳದಾಕಿ ನಾನು,” ಎಂದಳು. “ಹತ್ಯಾರದ ಬಾಯಾಗ ಏನೂ ತಪ್ಪಿಲ್ಲ.”

ಅವಳು ಮನೆಯನ್ನೊಮ್ಮೆ ಸುತ್ತ ನೋಡಿದಳು, ಹೊರಗೆ ಹೋದಳು. ಅಂಗಳದ ಮೂಲೆಯಲ್ಲಿ ಒಂದು ಕರೀಕಲ್ಲಿನ ತುಂಡಿತ್ತು. ಕಾಸಿಂಸಾಬ ಮನೆಯಲ್ಲಿರುವಾಗ ಅದರ ಮೇಲೆ ಕೂತು ಗರಗಸಗಳಿಗೆ ಅರ ಹಾಕುತ್ತಿದ್ದ. ಅವನು ಸತ್ತ ಮೇಲೆ ಬಟ್ಟೆ ಒಗೆಯಲು ಉಪಯೋಗವಾಗುತ್ತಿತ್ತು. ಹಾರೆ ಹಾಕಿ ಅದನ್ನು ಉರುಳಿಸುತ್ತ ಒಳಗೆ ತಂದಳು. ನಬಿಲಾಲ ಎದ್ದು ಕೈ ಹಚ್ಚಿದ. ಅಳೆದರು. ಕಲ್ಲಿನ ದಪ್ಪ ಆರು ಬೆರಳು. ಗಿಡ್ಡವಾಗಿದ್ದ ಕಂಬವನ್ನು ಇನ್ನೂ ಎರಡು ಬೆರಳು ಕೊಯ್ಯಬೇಕಾಯಿತು.

ಅವಳು ಕೂತು ಕೊಯ್ದಳು. ಒಣಗಿದ ಜಾಲಿಯಲ್ಲಿ ಗರಗಸ ಒಂದೇ ಸಮನೆ ಹೋಯಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಆ ಸಪ್ಪಳವನ್ನು ಸಿದ್ದರಾಯ ತಲೆ ಓರೆಮಾಡಿ ಕೇಳುತ್ತಿದ್ದ. ಬಿದ್ದ ಬಿಲ್ಲೆ ಅವನ ಕಾಲ ಬಳಿಗೆ ಉರುಳಿತು. ಕೊಯ್ದ ಮುಖ ಗಾಜಿನಂತಿತ್ತು. ಅಮಾವಾಸ್ಯೆಯೆಂಬುದು ಅವನಿಗೆ ನೆನಪಿತ್ತು. ಕೈ ಮುಟ್ಟಲಿಲ್ಲ, ಬಗ್ಗಿ ನೋಡಿದ ಅಷ್ಟೇ. ಕಲ್ಲಿನ ಮೇಲೆ ನಿಂತ ಕಂಬಕ್ಕೆ ಗೆದ್ದಲು ಬೇಗ ಹತ್ತುವುದಿಲ್ಲ, ಬುಡಕ್ಕೆ ಡಾಂಬರು ಹಚ್ಚಿದರೆ ಇನ್ನೂ ಒಳ್ಳೆಯದು ಎಂದು ಗೋಡೆಗೆ ಹೇಳುವವನಂತೆ ಹೇಳಿದ.

ಅವಳು ಮತ್ತೆ ಪೆಟ್ಟಿಗೆ ಹತ್ತಿ ತೊಲೆಯ ಕಂಡಿ ಕೆತ್ತತೊಡಗಿದಳು. ಕಟ್ಟಿಗೆಯ ಎಳೆಗೆ ಅಡ್ಡ ಹೊಡೆಯುತ್ತಿದ್ದಳು; ಚೂರುಗಳು ಹರಿದು ಬರುತ್ತಿದ್ದವು. ನಾಲ್ಕು ಏಟು ಸಿದ್ದರಾಯ ತಡೆದುಕೊಂಡ. ಐದನೆಯದಕ್ಕೆ ಕೈ ಬೆನ್ನಿನ ಹಿಂದಿನಿಂದ ಮುಂದೆ ಬಂತು.

“ಕೊಡಿಲ್ಲೆ ಆ ಉಳಿ.”

“ಇವತ್ತ ಅಮಾಸಿ.”

“ಉಳಿ ನಂದಲ್ಲಲ್ಲ.”

ಸುಗ್ರಾಬಿ ಮೇಲಿನಿಂದ ಅವನನ್ನು ನೋಡಿದಳು. ಕೂದಲಲ್ಲಿ ಕಟ್ಟಿಗೆಯ ಹುಡಿ ತುಂಬಿತ್ತು. ಉಳಿಯನ್ನು ಕೈ ಬದಲಿಸಿ ಹಿಡಿದಳು.

“ನಮ್ಮ ಹತ್ಯಾರ ಇನ್ನೊಬ್ಬರ ಕೈಗೆ ಹೋಗೂದಿಲ್ಲರಿ,” ಎಂದಳು. “ನಮ್ಮಪ್ಪ ಕೊಟ್ಟಿಲ್ಲ, ನಾನೂ ಕೊಡೂದಿಲ್ಲ. ಹೆಂಗ ಹೊಡೀಬೇಕು ಹೇಳ್ರಿ, ಹೊಡೀತೇನಿ.”

ಸಿದ್ದರಾಯ ಸಿಟ್ಟಾಗುತ್ತಾನೆಂದು ನಾನು ಎಣಿಸಿದ್ದೆ. ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಹೌದು, ಅದು ಖರೆ ಎಂದು ತಲೆಯಾಡಿಸಿ, ಗೋಡೆಗೆ ಒರಗಿ ಕೂತ. ಉತ್ತರ ಬಡಿಗನ ಉತ್ತರವಾಗಿತ್ತು. ಅದನ್ನು ತಪ್ಪೆನ್ನಲು ಅವನಿಗೆ ದಾರಿಯಿರಲಿಲ್ಲ. ಮೊದಲು ಎರಡು ತುದಿ ಹೊಡೆ, ಆಮೇಲೆ ನಡುವಿನದು ತಾನೇ ಬರುತ್ತದೆ, ಉಳಿಯ ಚಪ್ಪಟೆ ಮೈ ಗೆರೆಯ ಕಡೆಗಿರಲಿ, ಬಿಳಿ ಕಟ್ಟಿಗೆ ಕಾಣುವವರೆಗೆ ಬಿಡಬೇಡ ಎಂದು ಅವನು ಹೇಳುತ್ತ ಹೋದ, ಅವಳು ಹೊಡೆಯುತ್ತ ಹೋದಳು. ಕೆಟ್ಟದಾಗಿ ಹೊಡೆದಾಗ ಬೈದ. ಅವನ ಹತ್ಯಾರಗಳು ದೇವರ ಮುಂದೆ ಇದ್ದವು. ನಾಲಿಗೆಗೆ ಅಂಥ ಕಟ್ಟಳೆ ಇರಲಿಲ್ಲ. ಮೂರು ಗಂಟೆಯ ಸುಮಾರಿಗೆ ಕಂಬದ ತಲೆ ಕಂಡಿಯೊಳಗೆ ಕೂತಿತು. ನಬಿಲಾಲ ಜಾಕನ್ನು ಇಳಿಸಿದ. ತೊಲೆ ಒಮ್ಮೆ ಮುಲುಗಿ ಸುಮ್ಮನಾಯಿತು.

ಮರುದಿನ ಗೌಂಡಿ ಗೋಡೆ ಕಟ್ಟಿದ. ಅದರ ಮರುದಿನ ಕಚೇರಿಯ ಜವಾನ ಬಂದು ಗೋಡೆಯನ್ನು ಕೋಲಿನಿಂದ ಬಡಿದು ನೋಡಿದ, ಒಳಗೆ ಬಂದು ಕಂಬವನ್ನೂ ಬಡಿದ. ಬಡಿಗ ಯಾರು ಎಂದು ಕೇಳಿದ. ಸುಗ್ರಾಬಿ ತನ್ನ ಹೆಸರು ಹೇಳಿದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ. ಬಡಿಗನ ಹೆಸರಿನ ಜಾಗದಲ್ಲಿ ನಬಿಲಾಲ ಎಂದು ಬರೆದ. ಅವಳು ನನ್ನನ್ನು ಕರೆದು ಓದಿಸಿ, ಆ ಹೆಸರು ಹೊಡೆದುಹಾಕಿಸಿ, ಸರಿಯಾಗಿ ಬರೆಸಿದ ಮೇಲೆಯೇ ಅವನು ಹೋದದ್ದು.

ಆಮೇಲೆ ಸಿಂದಗಿಯಲ್ಲಿ ಹತ್ಯಾರ ಕೊಳ್ಳುವವರು ಅವಳ ಬಾಗಿಲಿಗೆ ಬಂದು ಹೋಗುವುದು ರೂಢಿಯಾಯಿತು. ಸಿದ್ದರಾಯ ಹೊಸ ಗರಗಸ ತಂದಾಗ ಮಾತಿಲ್ಲದೆ ಅವಳ ಕಟ್ಟೆಯ ಮೇಲಿಟ್ಟು ಹೋದ. ಅವಳು ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಅವನು ಬಂದು, ನೋಡು ತಂಗಿ ಎಂದು ಬಾಯಿಬಿಟ್ಟು ಕೇಳಿದ. ಆಗ ನೋಡಿದಳು.

ಅರವತ್ತಾರರಲ್ಲಿ ಹಗಲೂ ಕರೆಂಟು ಬರತೊಡಗಿತು. ಸುಗ್ರಾಬಿಯ ಮನೆಗೂ ಬಂತು. ಒಂದು ದಿನ ಶ್ರೀಶೈಲಪ್ಪನವರು ಆ ತೂತು ಕೊರೆಯುವ ಯಂತ್ರವನ್ನು ಹಾರ ತೆಗೆದು ಹಿಡಿದುಕೊಂಡು ಬಂದರು. ಯಾರೋ ಗಿರಾಕಿ ಕೇಳಿದ್ದರಂತೆ, ಸುಗ್ರಾಬಿ ನೋಡಿ ಹೇಳಿದರೆ ಕೊಳ್ಳುತ್ತೇನೆ ಎಂದಿದ್ದರಂತೆ. ಅವಳು ಯಂತ್ರದ ಮೈ ನೋಡಲಿಲ್ಲ. ಮುಂದಿನ ಮೊನೆಗೆ ಅರ ಎಳೆದಳು.

“ಯಂತ್ರ ಜೋರ ಐತಿ. ಮೊನಿ ಮೆತ್ತಗ ಐತಿ.”

ಕರೆಂಟಿನ ಯಂತ್ರಕ್ಕೆ ಅರ ಹಚ್ಚಿ ನೋಡುವುದು ಎಲ್ಲಿಯ ಪದ್ಧತಿ ಎಂದು ಶ್ರೀಶೈಲಪ್ಪನವರು ವಾದಿಸಿದರು. ಅವಳು ವಾದಿಸಲಿಲ್ಲ. ಪಡಸಾಲೆಯ ಜಾಲಿ ಕಂಬ ತೋರಿಸಿ, ಅದಕ್ಕೇ ಹಚ್ಚಿ ಎಂದಳು. ಅವರು ಹಚ್ಚಿದರು. ಯಂತ್ರ ಕಿರುಚಿತು, ಹೊಗೆ ಬಂತು. ಬೆರಳಿನಷ್ಟು ಆಳಕ್ಕೆ ಹೋಗಿ ನಿಂತಿತು. ಹೊರಗೆಳೆದಾಗ ಮೊನೆ ನೀಲಿಯಾಗಿ ಸೊಟ್ಟಗಾಗಿತ್ತು. ಶ್ರೀಶೈಲಪ್ಪನವರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ಕಂಬದಲ್ಲಿ ಉಳಿದ ಆ ಗುಂಡಿಗೆ ಅವಳು ಒಂದು ಗೂಟ ಬಡಿದು, ಗರಗಸ ತೂಗು ಹಾಕಿದಳು.